ಉಳಿದಿದ್ದ ಒಂದು ಡೋಸು

ರೀ,

ಅನ್ನ ಕುಕ್ಕರಲ್ಲಿದೆ. ತೋಳು ಎತ್ತೋಕಾಗ್ತಿಲ್ಲ, ಬಟ್ಟೆ ನೀವೇ ಹಿಂಡಿ ಹರವಿ.

ನಿನ್ನೆ ಅಷ್ಟು ಸಲ ಯಾಕೆ ಫೋನ್ ಮಾಡಿದ್ದೆ ಅಂತ ಕೇಳಿದ್ರಿ, ಸುಮ್ನೆ ಅಂದೆ. ಸುಮ್ನೆ ಅಲ್ಲ. ಆಸ್ಪತ್ರೇಲಿ ನನಗೆ ಲಸಿಕೆ ಹಾಕಿದ ಮೇಲೆ ಬಾಟ್ಲಿಯಲ್ಲಿ ಇನ್ನೊಬ್ಬರಿಗಾಗೋಷ್ಟು ಉಳಿದಿತ್ತು. "ತೆರೆದಿದ್ದು ಇಡೋಕಾಗಲ್ಲ, ಮನೆಯವರಿದ್ರೆ ಬೇಗ ಕರೀರಿ" ಅಂದ್ರು ನರ್ಸಮ್ಮ. ನೀವು ಎತ್ತಲೇ ಇಲ್ಲ. ಕಣ್ಣೆದುರೇ ಬೇರೆಯವರ ಪಾಲಾಯ್ತು. ಕುಂಭಕರ್ಣ ಅಂತ ದಾರಿಯುದ್ದಕ್ಕೂ ಬೈಕೊಂಡು ಬಂದೆ.

ಬಂದು ನೋಡಿದ್ರೆ ಫೋನು ನಿಮ್ಮ ದಿಂಬಿನ ಪಕ್ಕದಲ್ಲೇ ಇದೆ. ರಾತ್ರಿಯೆಲ್ಲ ಬಸ್ಸು ಓಡಿಸಿ ಬಂದೋರು, ಮಲಗಲಿ ಅಂತ ಅದರ ಸದ್ದು ಅಡಗಿಸಿ ಹೋದೋಳು ನಾನೇ.

ನಿಮ್ಮ ಸರದಿ ಯಾವಾಗ ಅಂತ ಯಾರೂ ಹೇಳ್ತಿಲ್ಲ. ಇವತ್ತೂ ಅಲ್ಲೇ ಬಾಗಿಲಲ್ಲಿ ನಿಂತಿರ್ತೀನಿ, ಉಳಿದ್ರೆ ಕರೀತೀನಿ. ಫೋನು ಕಿವಿ ಹತ್ರ ಇಟ್ಕೊಂಡು ಮಲಗಿ. ನಿದ್ದೆ ಕೆಟ್ಟರೆ ಕೆಡಲಿ.