ಹರಿದ ಜೀನ್ಸಿಗೆ ಒಪ್ಪುವ ಅಕ್ಷರ

ಜೂನ್ 3, ಬ್ರೂಸ್‌ಪೇಟೆ, ಬಳ್ಳಾರಿ

ಶ್ರೀಮನ್ಮಹಾಫ್ಲೆಕ್ಸಾಧೀಶ್ವರ, ಬ್ಯಾನರ್‌ಕುಲತಿಲಕ, ಎಂಟರ ಮೊದಲು ಏಳದ ವೀರವ್ರತಿ ಚನ್ನಬಸವರಾಜನು ಈ ದಿನಚರಿಗೆ ಅಪ್ಪಣೆ ಕೊಡಿಸುವುದೇನೆಂದರೆ — ಲೋಕದಲ್ಲಿ ಹೊಸ ಫಾಂಟೊಂದು ಅವತರಿಸಿದೆ. ನಾಮಧೇಯ ‘ಹರಕು’. ಅರೆ ಒಣಗಿದ ಬ್ರಷ್ಷು, ಕಪ್ಪು ಮಸಿ, ಒರಟು ಕಾಗದ, ಆಮೇಲೆ ಸ್ಕ್ಯಾನ್. ಅಂಚು ಚಿಂದಿ, ಹೊಟ್ಟೆಯಲ್ಲಿ ಬಿಳಿ ಗೀರು.

ನಮ್ಮ ಫ್ಲೆಕ್ಸ್ ಅಂಗಡಿಯ ಓನರ್ ತಿಪ್ಪೇರುದ್ರಪ್ಪ ಪ್ರಿಂಟ್ ನೋಡಿದರು.

“ಲೇ ಚನ್ನ, ಮಷೀನ್ ಹೆಡ್ ಚೋಕ್ ಆಗೈತೇನು? ತೊಳಿ ಅದನ್ನ.”

ಸಂಕಲ್ಪ ಒಂದೇ. ಸಿರುಗುಪ್ಪದಲ್ಲಿ ಜೀನ್ಸ್ ಅಂಗಡಿ ಹಾಕುತ್ತಿರುವ ಅಕ್ಷತಾಳ ಬೋರ್ಡಿನ ಮೇಲೆ ಈ ಅಕ್ಷರ ಕೂರಬೇಕು. ಕಾಲೇಜಿನಲ್ಲಿ ಅವಳದು ನನ್ನ ಮುಂದಿನ ಬೆಂಚು.

ಜೂನ್ 5

ಬಂದಳು. ನೋಡಿದಳು.

“ಏನಲೇ ಇದು, ಇಲಿ ಕಡದೈತೇನು?”

“ನಿಮ್ಮ ಅಂಗಡ್ಯಾಗ ಯಾವುದಕ್ಕ ರೇಟ್ ಜಾಸ್ತಿ? ನೆಟ್ಟಗಿರೋ ಪ್ಯಾಂಟಿಗೋ, ಮೊಣಕಾಲ ಹರದಿದ್ದಕ್ಕೋ?”

“ಹರದಿದ್ದಕ್ಕ.”

“ಮತ್ತ ಅಕ್ಷರ ಏನ್ ಪಾಪ ಮಾಡ್ಯಾವು?”

ನಕ್ಕಳು. “ಹಾಕು. ಅಪ್ಪ ಬೈದ್ರ ನೀನ ಬಂದು ಬೈಸ್ಕೋ.”

ಜೂನ್ 11, ಸಿರುಗುಪ್ಪ

ಬೋರ್ಡ್ ಏರಿತು. ಮೇಲೆ ದೊಡ್ಡದಾಗಿ ಅವಳ ಹೆಸರು. ಕೆಳಗೆ ವಿಳಾಸ, ಮಾಮೂಲಿ ಅಕ್ಷರದಲ್ಲಿ. ಅವಳಪ್ಪ ದೊಡ್ಡಬಸವರಾಜಪ್ಪ ಸ್ಟೂಲ್ ಹತ್ತಿ, ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದರು. “ಹೊಸಾ ಬೋರ್ಡು, ಆಗಲೇ ಮಾಸೇತಲ್ಲವ್ವ!”

“ಬಿಡಪ್ಪ, ಅದು ಹಂಗ ಇರಬೇಕು.”

ಅಂದದ್ದು ನಾನಲ್ಲ. ಅವಳು.

ಬಸ್ಸಿನಲ್ಲಿ ಸೀಟಿದ್ದರೂ ಬಳ್ಳಾರಿವರೆಗೆ ನಿಂತೇ ಬಂದೆ. ಕೂರಲಾಗಲಿಲ್ಲ.

ಜೂನ್ 14

ಕುಡತಿನಿಯ ಹೋಟೆಲ್ ಯರ್ರಿಸ್ವಾಮಿ ಹಾಜರ್. “ಸಿರುಗುಪ್ಪದಾಗ ನೋಡ್ದೆ. ನಂಗೂ ಅದ ಅಕ್ಷರ ಬೇಕು.”

ಗಂಭೀರವಾಗಿ ಶಾಸ್ತ್ರ ಹೇಳಿದೆ. ಹರಕು ದವಾಖಾನೆಗೆ ಸಲ್ಲದು — ರೋಗಿ ಬಾಗಿಲಲ್ಲೇ ಧೈರ್ಯ ಬಿಡುತ್ತಾನೆ. ಲಗ್ನಪತ್ರಿಕೆಗೆ ಸಲ್ಲದು — ಬೀಗರು ಅಪಶಕುನ ಅಂದಾರು. ಹೋಟೆಲಿಗಂತೂ... ತಟ್ಟೆ ತೊಳೆದಿಲ್ಲ ಅಂದುಕೊಳ್ಳುತ್ತಾರೆ.

ಯರ್ರಿಸ್ವಾಮಿ ಹೋದ. ತಿಪ್ಪೇರುದ್ರಪ್ಪ ಕೈಮುಗಿದರು. “ಸ್ವಾಮೇರಾ, ಗಿರಾಕಿಗೆ ಉಪದೇಶ ಮಾಡೋದಾದ್ರ ಹಲಕುಂದಿ ಮಠಕ್ಕ ಹೋಗಿ ಕುಂದರ್ರಿ.”

ಜೂನ್ 21

ಅಕ್ಷತಾ ಫೋನ್. ಅವಳ ಅಕ್ಕ ಐಶ್ವರ್ಯಳನ್ನು ಕೊಟ್ಟಿರುವುದು ಕುರುಗೋಡಿಗೆ. ಅಲ್ಲಿ ಟೇಲರಿಂಗ್ ಅಂಗಡಿ ತೆಗೆಯುತ್ತಾಳಂತೆ.

“ಅಕಿ ಹೆಸರೂ ಅದ ಅಕ್ಷರದಾಗ ಬೇಕು.”

“ಹೊಲಿಯೋ ಅಂಗಡಿಗೆ ಹರಕು ಅಕ್ಷರ? ಶಾಸ್ತ್ರ ಒಪ್ಪಂಗಿಲ್ಲ.”

“ನಿನ್ನ ಶಾಸ್ತ್ರ ಒಲಿಯಾಗ ಹಾಕು. ಫಾಂಟ್ ಫೈಲ್ ಕಳಸು, ಕುರುಗೋಡಿನಾಗ ಬೋರ್ಡ್ ಮಾಡೋರು ಅದಾರ.”

“ನಾಳೆ...”

“ಯಾಕಲೇ, ಕೊಡಾಕ ಮನಸಿಲ್ಲೇನು?”

ಜೂನ್ 22, ಬೆಳಿಗ್ಗೆ

ಒಣ ಬ್ರಷ್ಷು ಹಿಡಿದು ‘ಐ’ ಬರೆದೆ. ಆಸ್ಪತ್ರೆ ಬೋರ್ಡಿನ ಹಾಗೆ ನೀಟಾಗಿ ಬಂತು. ಮತ್ತೆ ಬರೆದೆ. ಇನ್ನೂ ಕೆಟ್ಟಿತು. ಕಾಗದವೆಲ್ಲ ನೆಲದ ಮೇಲೆ. ಅವಳ ಮೆಸೇಜ್ ಆಗಲೇ ಬಂದಿದೆ — “ಎಲ್ಲಿ?”

ದಿನಚರಿಯೇ, ನಿನಗೆ ಮಾತ್ರ. ಹರಕು ಎಂಬ ಫಾಂಟೇ ಇಲ್ಲ. ಇರುವುದು ಅ, ಕ್ಷ, ತಾ. ಅಷ್ಟೇ. ಉಳಿದ ಅಕ್ಷರ ಬರೆಯಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಟೈಪ್ ಮಾಡುತ್ತಿದ್ದೇನೆ — “ಅಕ್ಷತಾ, ಆ ಫಾಂಟಿನಾಗ ನಿನ್ನ ಹೆಸರು ಬಿಟ್ಟು ಬ್ಯಾರೆ ಯಾವ ಅಕ್ಷರಾನೂ ಇಲ್ಲ.”