ಅಣ್ಣನೆದುರು ಸುಮ್ಮನಿದ್ದವಳಿಗೆ ಸೊನ್ನೆ

ಇಂಗ್ಲಿಷ್ ಮೌಖಿಕ ಪರೀಕ್ಷೆಯ ಜೋಡಿಪಟ್ಟಿಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ಮಾತಾಡಲಿಲ್ಲವೆಂಬ ಕಾರಣಕ್ಕೆ ನೀವು ಒಬ್ಬ ಹುಡುಗಿಯ ಓದನ್ನೇ ನಿಲ್ಲಿಸಿದ್ದೀರಿ. ಟೊಂಗಾದ ಈ ಹಾಪಾಯಿ ದ್ವೀಪಗಳಲ್ಲಿ ನಮ್ಮದು ಹನ್ನೆರಡು ಮಕ್ಕಳ ತರಗತಿ. ಅದರಲ್ಲಿ ಮೆಲೆನೈತೆಯಷ್ಟು ಮಾತುಗಾತಿ ಇನ್ನೊಬ್ಬಳಿಲ್ಲ. ನರ್ಸ್ ಆಗುತ್ತೇನೆಂದು ಹೊರಟವಳು. ತೇರ್ಗಡೆಯಾಗಿದ್ದರೆ ರಾಜಧಾನಿಯ ಪ್ರೌಢಶಾಲೆಯಲ್ಲಿ ಅವಳಿಗೆ ಜಾಗ ಸಿಗುತ್ತಿತ್ತು.

ಮಕ್ಕಳು ಸುಮ್ಮನೆ ಕೂರಬಾರದು, ಜೋಡಿಯಾಗಿ ಮಾತಾಡಿ, ಆಲಿಸಿ ಕಲಿಯಬೇಕು ಎಂಬ ನಿಮ್ಮ ಸುತ್ತೋಲೆ ಬಂದಾಗ ಎಲ್ಲರಿಗಿಂತ ಮೊದಲು ಹಿಗ್ಗಿದವಳು ನಾನು. ಮೀನಿಗೆ ಚೌಕಾಸಿ ಮಾಡುವುದು, ಹಡಗಿನ ವೇಳೆ ವಿಚಾರಿಸುವುದು, ಗೆಳತಿ ಹೇಳಿದ್ದನ್ನು ಕೇಳಿಸಿಕೊಂಡು ತಿರುಗಿ ಹೇಳುವುದು, ಹೀಗೆ ವರ್ಷವಿಡೀ ತರಗತಿ ಸಂತೆಯಾಗಿತ್ತು. ಪರೀಕ್ಷೆಯ ದಿನ ನಿಮ್ಮ ಪಟ್ಟಿ ಬಂತು. ಕ್ರಮಸಂಖ್ಯೆಯ ಪ್ರಕಾರ ಮೆಲೆನೈತೆಗೆ ಜೋಡಿ ಸಿಯೋಸಾಯ, ಅವಳ ದೊಡ್ಡಪ್ಪನ ಮಗ. ಚೀಟಿಯಲ್ಲಿದ್ದ ಸಂಭಾಷಣೆ ಏನು ಗೊತ್ತೇ? ಹುಡುಗ ಹುಡುಗಿಯನ್ನು ಶನಿವಾರದ ಕುಣಿತಕ್ಕೆ ಕರೆಯಬೇಕು, ಅವಳು ನಾಚಿಕೊಂಡು ಒಪ್ಪಬೇಕು!

ಮಾನ್ಯರೇ, ನೀವೂ ಟೊಂಗಾದವರೇ ತಾನೇ? ದೊಡ್ಡಪ್ಪನ ಮಗನೂ ಅಣ್ಣನೇ, ದೊಡ್ಡವರಾದ ಮೇಲೆ ಅಣ್ಣ ತಂಗಿ ಒಟ್ಟಿಗೆ ಕೂತು ಸಿನಿಮಾ ಕೂಡ ನೋಡುವುದಿಲ್ಲ ಎಂದು ನಿಮಗೂ ಮನೆಯಲ್ಲಿ ಕಲಿಸಿರಬೇಕಲ್ಲ? ಅಥವಾ ಕಚೇರಿಯ ಕುರ್ಚಿಯಲ್ಲಿ ಕೂತವರಿಗೆ ತಂಗಿಯರೇ ಇರುವುದಿಲ್ಲವೋ?

ಸಿಯೋಸಾಯ ಚೀಟಿ ಓದಿದವನೇ ಗೋಡೆಯ ಕಡೆ ತಿರುಗಿ ಕೂತ. ಹುಡುಗಿ ತಲೆ ತಗ್ಗಿಸಿದಳು.

"ಮಾತಾಡಮ್ಮ, ನಿಮ್ಮಣ್ಣ ಏನು ಕಚ್ತಾನಾ?" ಎಂದು ಹೊರದೇಶದಲ್ಲಿ ತರಬೇತಿ ಪಡೆದು ಬಂದ ನಿಮ್ಮ ಪರೀಕ್ಷಕರು ನಕ್ಕರು.

"ದಮ್ಮಯ್ಯ ಅಂತೀನಿ ಸರ್, ಜೋಡಿ ಬದಲಾಯಿಸಿ" ಎಂದೆ.

"ಪಟ್ಟಿ ಮುಟ್ಟಿದ್ರೆ ಇಡೀ ತರಗತಿಯ ಪರೀಕ್ಷೆ ರದ್ದು. ಸೊನ್ನೆ ಬರೀರಿ ಮೇಡಂ."

ಬರೆದೆ. ಉಳಿದ ಹತ್ತು ಮಕ್ಕಳ ನೆಪ ಹೇಳಿಕೊಂಡು, ನಿಜವಾಗಿ ನನ್ನ ಕೆಲಸಕ್ಕೆ ಹೆದರಿ, ಇಬ್ಬರಿಗೂ ಬರೆದೆ. ಅವನಿಗೆ ಅಪ್ಪನ ದೋಣಿಯಾದರೂ ಇದೆ. ಅವಳಿಗೆ ಈ ಪರೀಕ್ಷೆ ಬಿಟ್ಟರೆ ಇನ್ನೇನಿತ್ತು?

ಈಗ ಅವಳು ಅಮ್ಮನ ಜೊತೆ ಚಾಪೆ ಹೆಣೆಯುತ್ತಾಳೆ. ಮೊನ್ನೆ ಹೋಗಿ ಪಕ್ಕದಲ್ಲಿ ಕೂತು, "ಎರಡು ಮಾತು ಆಡಿಬಿಡಬಾರದಿತ್ತೇನೇ ಹುಡುಗಿ?" ಎಂದು ಬೈದೆ.

"ಆಡಿದ್ದಿದ್ರೆ ನೀವು ನನ್ನನ್ನ ಏನಂದ್ಕೊಳ್ತಿದ್ರಿ ಮಿಸ್?" ಎಂದಳು.

ನಾನೂ ಈ ದ್ವೀಪದ ಹೆಣ್ಣೇ. ಆಡಿದ್ದರೆ ಅವಳನ್ನು ಕಂಡು ಮೊದಲು ಮುಖ ತಿರುಗಿಸುತ್ತಿದ್ದವಳು ನಾನೇ. ಎದ್ದು ಬಂದು ಈ ಪತ್ರ ಬರೆಯಲು ಕೂತೆ.

ತೇರ್ಗಡೆಯಾದವರನ್ನು ರಾಜಧಾನಿಗೆ ಒಯ್ಯುವ ಮುಂದಿನ ತಿಂಗಳ ಹಡಗು ಹೊರಡುವ ಮೊದಲು ಅವಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಎದುರಿಗೆ ಒಬ್ಬ ಗೆಳತಿಯನ್ನು ಕೂರಿಸಿ. ನೀವೇ ಬಂದು ಅವಳ ಮಾತು ಕೇಳಿ.

ಇಂತಿ,
ಮಕ್ಕಳಿಗೆ ಮಾತು ಕಲಿಸಿ, ತನ್ನ ಸರದಿ ಬಂದಾಗ ಬಾಯಿ ಮುಚ್ಚಿಕೊಂಡ
ಲೆಸಿಯೇಲಿ ಮಿಸ್