ಹೊಲದ ಪತ್ರದಲ್ಲಿ ಹೋದ ನಾಟಕ

ಕಾಕಾ,

ನಾನು, ನಿಮ್ಮ 'ವಕೀಲಸಾಹೇಬ', ಈ ಪತ್ರ ಬರೆಯುತ್ತಿದ್ದೇನೆ. ಕಾಯದೆ ಓದಲು ಸೇರಿದ ಮೊದಲ ದಿನವೇ ಆ ಹೆಸರಿಟ್ಟು ಓಣಿತುಂಬ ಮೆರೆಸಿದವರು ನೀವು. ಈಗ ಯಾರಾದರೂ ಹಾಗೆ ಕರೆದರೆ ಮೈ ಉರಿಯುತ್ತದೆ.

ಆ ಮಧ್ಯಾಹ್ನ ನೆನಪಿದೆಯೇ? ಹುಬ್ಬಳ್ಳಿಯಲ್ಲಿ ಮೊಕ್ಕಾಂ ಹಾಕಿದ್ದ ನಾಟಕ ಕಂಪನಿಯ ಮಾಲಕರು ಧಾರವಾಡದ ನಮ್ಮ ಮನೆಗೆ ಬಂದು, ನೀವು ಬರೆದ ನಾಟಕವನ್ನು ಆ ಒಂದು ಮೊಕ್ಕಾಮಿನಲ್ಲಿ ಆಡಲು ಒಪ್ಪಿಗೆಯ ಕಾಗದ ಕೇಳಿದರು. ನಾಲ್ಕು ಸಾಲು ಸಾಕಿತ್ತು. ನಾನು ದೊಡ್ಡಸ್ತಿಕೆಗೆ ಟ್ರಂಕಿನಿಂದ ನಮ್ಮ ಹೊಲದ ಖರೀದಿಪತ್ರ ತೆಗೆದು, ಹೊಲ ಎಂದಿದ್ದಲ್ಲಿ ನಾಟಕ ಎಂದು ಹಾಕಿ, ಉಳಿದದ್ದನ್ನು ಹಾಗೇ ಇಳಿಸಿದೆ. 'ಸದರಿ ನಾಟಕ ಸೂರ್ಯಚಂದ್ರರಿರುವವರೆಗೆ ನಿಮ್ಮದೇ, ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಉಳಿದಿಲ್ಲ...' ಕೇಳಲು ಎಷ್ಟು ಗಂಭೀರವಾಗಿತ್ತು! "ನೀ ಬರದಿದ್ದನ್ನ ಓದೂದೇನೈತಿ?" ಎಂದು ನೀವು ಸಹಿ ಹಾಕಿದಿರಿ.

ಮುಂದಿನ ಊರಿನ ಹಸ್ತಪತ್ರಿಕೆಯಲ್ಲೇ ನಿಮ್ಮ ಹೆಸರಿರಲಿಲ್ಲ. ಆಮೇಲೆ ಹಾಡುಗಳ ಗ್ರಾಮಫೋನ್ ಪ್ಲೇಟು ಬಂತು, ಅದರ ಮೇಲೆ ಕವಿ ಎಂದು ಮಾಲಕರ ಹೆಸರು. ನೀವು ಒಂದು ಮಾತು ಬೈದಿದ್ದರೆ... ಬೈಯಲಿಲ್ಲ. ಕಾಗದ ಬರೆದವನು ನಾನೆಂದು ಯಾರಿಗೂ ಹೇಳಲೂ ಇಲ್ಲ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಮಾತ್ರ ಒಮ್ಮೆ, ನಿಮ್ಮದೇ ಹಾಡು ಗುನುಗುತ್ತ ತಟ್ಟನೆ ನಿಲ್ಲಿಸಿ, "ಇದನ್ನ ನಾ ಮನ್ಯಾಗ ಹಾಡಬಹುದೇನ್ರಿ, ವಕೀಲಸಾಹೇಬ್ರ?" ಎಂದು ನಕ್ಕಿರಿ. ನಾನು ಔಷಧಿ ತರುವ ನೆಪದಲ್ಲಿ ಎದ್ದುಹೋದೆ.

ಈಗಿನ ಸುದ್ದಿ ಕೇಳಿ. ನಮ್ಮ ತರಗತಿಯವರು ಕೈಬರಹದ ಪತ್ರಿಕೆಯೊಂದನ್ನು ತೆಗೆದಿದ್ದೇವೆ, ನಾಟಕ, ಸಂಗೀತ, ಚಿತ್ರಗಳ ಕಾಯದೆಗೆಂದೇ. ಸಂಪಾದಕ ನಾನು. ನಿಮ್ಮ ಸಂಗತಿಯೇ ಮೊದಲ ಲೇಖನವಾಗಬೇಕೆಂದು ಗೆಳೆಯ ಬಸಪ್ಪ ಹಟ ಹಿಡಿದ. ನಾನು ಕೊಟ್ಟ ಆ ಒಪ್ಪಿಗೆಪತ್ರದ ನಕಲು ಓದಿ ಎಲ್ಲರೂ ಕುದಿದರು. "ಇದನ್ನ ಬರದ ಮಂಗ್ಯಾ ಯಾರಲೇ? ಅವನ ಹೆಸರೂ ಹಾಕೂಣು!" ಎಂದ ಬಸಪ್ಪ. ನಕಲು ಮಾಡುವಾಗ ಬರೆದವನ ಹೆಸರಿನ ಸಾಲನ್ನು ಬಿಟ್ಟವನು ನಾನೇ. ಆದರೂ ಎಲ್ಲರೊಡನೆ ತಲೆಯಾಡಿಸಿದೆ, ಕಾಕಾ. ನಾಚಿಕೆಯಾಗುತ್ತದೆ. ಪ್ರೊಫೆಸರರಿಗೆ ತೋರಿಸಿದರೆ ಅವರು ಕನ್ನಡಕ ಏರಿಸಿ, "ಬರದಾಂವ ಭಾಳ ಶಾಣ್ಯಾ ಇದ್ದಾನ್ರೀಪಾ. ಎಲ್ಲೂ ಒಂದು ಸಂದಿ ಸೈತ ಬಿಟ್ಟಿಲ್ಲ," ಅಂದರು. ನನ್ನ ವಕೀಲಕಿಗೆ ಸಿಕ್ಕ ಮೊದಲ ಶಾಭಾಸ್ಕಿ ಅದು.

ಸಂಚಿಕೆ ಸೋಮವಾರ ವಾಚನಾಲಯದ ಮೇಜಿಗೆ ಹೋಗಬೇಕು. ಹೇಳಿದರೆ ಮುಂದೆ ಯಾರು ನನ್ನ ಕೈಗೆ ಕಾಗದ ಕೊಟ್ಟಾರು? ಹೇಳದಿದ್ದರೆ ಜೀವಮಾನವಿಡೀ ಆ ಮಂಗ್ಯಾನನ್ನು ಎಲ್ಲರ ಜೊತೆ ಬೈಯುತ್ತ... ಹೇಳಿದರೂ ನಿಮ್ಮ ನಾಟಕ ತಿರುಗಿ ಬರುವುದಿಲ್ಲ, ಅಷ್ಟು ಗಟ್ಟಿಯಾಗಿ ಕಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಬಿಟ್ಟ ಸಾಲನ್ನು ಲೇಖನದ ಕೊನೆಗೆ ಬರೆದೆ, ನನ್ನ ಪೂರ್ತಿ ಹೆಸರಿನೊಂದಿಗೆ. ಶಾಯಿ ಒಣಗಿದೆ.

ಆ ಲೇಖನಕ್ಕೆಂದು ಕಾಯದೆಯ ಪುಸ್ತಕ ತಿರುವುವಾಗ ನಿಮ್ಮ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಮನೆಯಲ್ಲಿ ಹಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಡಬಹುದಿತ್ತು, ಕಾಕಾ.